ತೋಪು ಸಿನಿಮಾಕ್ಕೆ ಹೌಸ್‌ಫುಲ್ ಬೋರ್ಡು ಬೀಳುವುದು ಯಾಕೆ?

2011ರ ಅಕ್ಟೋಬರ್‌ನಲ್ಲಿ ಕೇರಳದ ಕೆಲವೇ ಥಿಯೇಟರ್‌ಗಳಲ್ಲಿ ‘ಕೃಷ್ಣನುಂ ರಾಧಯುಂ’ ಎಂಬ ಮಲಯಾಳಂ ಸಿನಿಮಾ ಬಿಡುಗಡೆಯಾಯಿತು. ಹೀರೊ ಸಂತೋಷ್ ಪಂಡಿತ್. ನಿರ್ದೇಶಕ, ನಿರ್ಮಾಪಕ, ಕತೆಗಾರ, ಸಂಗೀತ ನಿರ್ದೇಶಕ, ಸಂಕಲನಕಾರ ಕೂಡ ಅವರೇ. ಅಲ್ಲಿಯವರೆಗೆ ಅವರ ಹೆಸರು ಸಿನಿಮಾ ಮಂದಿಗೆ ಗೊತ್ತಿರಲಿಲ್ಲ. ಹಾಡುಗಳು ಮೊದಲೇ ಯೂಟ್ಯೂಬ್‌ಗೆ ಬಂದಿದ್ದವು. ನೋಡಿದವರು ಬಾಯಿಗೆ ಬಂದಂತೆ ಬೈದಿದ್ದರು. ಹಾಗೆ ಬೈದವರೇ ಸಿನಿಮಾ ಬಂದಾಗ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಥಿಯೇಟರ್ ತುಂಬಿದರು! ಹೀರೊ ತೆರೆಗೆ ಬಂದರೆ ಕೂಗಾಟ, ಹಾಡು ಬಂದರೆ ಕುಣಿತ, ಸೆಂಟಿಮೆಂಟ್ ದೃಶ್ಯಕ್ಕೆ ಹೊಟ್ಟೆ ಹಿಡಿದುಕೊಂಡು ನಗು. ಕೆಲವೇ ಲಕ್ಷದಲ್ಲಿ ಮಾಡಿದ ಸಿನಿಮಾ ದುಡ್ಡು ಮಾಡಿತು. ಪಂಡಿತ್ ಮನೆಮಾತಾದರು. ಟಿವಿ ಚಾನೆಲ್‌ಗಳು ಅವರನ್ನು ಕೂರಿಸಿಕೊಂಡು ಚರ್ಚೆ ಮಾಡಿದವು. ಅವರು ಒಂದಿಷ್ಟೂ ಅಂಜದೆ ಇನ್ನೊಂದು ಸಿನಿಮಾ ಶುರು ಮಾಡಿದರು.

ಒಳ್ಳೆಯ ಸಿನಿಮಾಗಳೇ ಎರಡನೇ ವಾರಕ್ಕೆ ಉಸಿರು ಬಿಡುವ ಕಾಲ ಇದು. ಅಂಥದ್ದರಲ್ಲಿ ಕೆಟ್ಟದ್ದು ಅಂತ ಗೊತ್ತಿದ್ದೇ ಜನ ಯಾಕೆ ಹೋಗುತ್ತಾರೆ? ಸುಮ್ನೆ ಗೇಲಿ ಮಾಡುವುದಕ್ಕೆ ಅಂದರೆ ಅರ್ಧ ಉತ್ತರ ಮಾತ್ರ ಸಿಕ್ಕಿತು. ಗೇಲಿಯೊಂದೇ ಸಾಕಾಗಿದ್ದರೆ ಪ್ರತಿ ಶುಕ್ರವಾರ ಗಾಂಧಿನಗರದಲ್ಲಿ ಹಬ್ಬ ಆಗಬೇಕಿತ್ತು. ಕನ್ನಡದಲ್ಲಿ ಈಗ ವರ್ಷಕ್ಕೆ ಇನ್ನೂರಕ್ಕೂ ಜಾಸ್ತಿ ಸಿನಿಮಾಗಳು ಬರುತ್ತಿವೆ. ಅದರಲ್ಲಿ ಬಹುಪಾಲು ತೋಪು. ಅವುಗಳ ಕಡೆ ನಗುವುದಕ್ಕೂ ಯಾರೂ ತಿರುಗಿ ನೋಡುವುದಿಲ್ಲ. ಅಂದರೆ ಕೆಟ್ಟ ಸಿನಿಮಾಗಳಲ್ಲೇ ಎರಡು ಜಾತಿ ಇವೆ. ಒಂದು ನಿದ್ದೆ ಬರಿಸುತ್ತದೆ, ಇನ್ನೊಂದು ನಿದ್ದೆ ಓಡಿಸುತ್ತದೆ.

ಎರಡನೇ ಜಾತಿಗೆ ಜಗತ್ತಿನಾದ್ಯಂತ ಕೊಡುವ ಉದಾಹರಣೆ ‘ದಿ ರೂಮ್’. 2003ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಿಡುಗಡೆಯಾಯಿತು. ಕತೆ, ನಿರ್ದೇಶನ, ನಿರ್ಮಾಣ, ಮುಖ್ಯ ಪಾತ್ರ ಎಲ್ಲವೂ ಟಾಮಿ ವಿಸೋ ಎಂಬ ಒಬ್ಬರದೇ. ಖರ್ಚು ಸುಮಾರು 60 ಲಕ್ಷ ಡಾಲರ್ ಅಂತ ಹೇಳುತ್ತಾರೆ. ಎರಡು ವಾರದಲ್ಲಿ ಬಂದಿದ್ದು ಸುಮಾರು 1,800 ಡಾಲರ್. ಇಷ್ಟು ದುಡ್ಡು ಅವರಿಗೆ ಎಲ್ಲಿಂದ ಬಂತು ಅನ್ನುವುದು ಇವತ್ತಿಗೂ ಹರಟೆಯ ವಿಷಯ. ಸಿನಿಮಾದವರು ಸಾಮಾನ್ಯವಾಗಿ ಬಾಡಿಗೆಗೆ ತರುವ ಕ್ಯಾಮೆರಾಗಳನ್ನು ಅವರು ಕೊಂಡೇ ಬಿಟ್ಟರು. ಒಂದು ಫಿಲ್ಮ್ ಕ್ಯಾಮೆರಾ, ಒಂದು ಡಿಜಿಟಲ್ ಕ್ಯಾಮೆರಾ. ಎರಡನ್ನೂ ಅಕ್ಕಪಕ್ಕ ಕೂರಿಸಿ ಒಂದೇ ದೃಶ್ಯವನ್ನು ಎರಡರಲ್ಲೂ ಚಿತ್ರೀಕರಿಸಿದರು. ಹಾಗೆ ಮಾಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಸಿನಿಮಾದ ಒಳಗೆ ಹೋದರೆ ಇನ್ನೂ ಮಜಾ. ನಾಯಕಿಯ ತಾಯಿ ಮಾತಿನ ಮಧ್ಯೆ ತನಗೆ ಸ್ತನ ಕ್ಯಾನ್ಸರ್ ಇದೆ ಅನ್ನುತ್ತಾಳೆ. ಮಗಳು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಸಿನಿಮಾ ಮುಗಿಯುವವರೆಗೂ ಆ ವಿಷಯ ಮತ್ತೆ ಬರುವುದೂ ಇಲ್ಲ. ನಾಲ್ಕು ಜನ ಗಂಡಸರು ಸೂಟು ಬೂಟು ಹಾಕಿಕೊಂಡು ಬೀದಿಯಲ್ಲಿ ಚೆಂಡು ಎಸೆದಾಡುತ್ತಾರೆ, ಯಾಕೆ ಅಂತ ಕೇಳಬೇಡಿ. ಮನೆಯ ಮೇಜಿನ ಮೇಲೆ ಚೌಕಟ್ಟು ಹಾಕಿದ ಚಮಚದ ಫೋಟೊ ಇದೆ. ಹೌದು, ಚಮಚದ ಫೋಟೊ. ಅದು ತೆರೆ ಮೇಲೆ ಬಂದಾಗಲೆಲ್ಲ ಪ್ರೇಕ್ಷಕರು ಪ್ಲಾಸ್ಟಿಕ್ ಚಮಚ ಎಸೆಯುವುದು ಈಗ ಸಂಪ್ರದಾಯವೇ ಆಗಿದೆ. ಮಧ್ಯರಾತ್ರಿಯ ಪ್ರದರ್ಶನಗಳು ಶುರುವಾಗಿ ವರ್ಷಗಟ್ಟಲೆ ನಡೆದವು. ವಿಸೋ ಜೊತೆ ನಟಿಸಿದ್ದ ಗ್ರೆಗ್ ಸೆಸ್ಟೆರೊ 2013ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದರು. 2017ರಲ್ಲಿ ಆ ಪುಸ್ತಕವೂ ಸಿನಿಮಾ ಆಯಿತು. ಅದರಲ್ಲಿ ವಿಸೋ ಪಾತ್ರ ಮಾಡಿದ ಜೇಮ್ಸ್ ಫ್ರಾಂಕೊಗೆ ಗೋಲ್ಡನ್ ಗ್ಲೋಬ್ ಬಂತು. ಕೆಟ್ಟ ನಟನೆಯನ್ನು ಚೆನ್ನಾಗಿ ನಟಿಸಿದ್ದಕ್ಕೆ ಪ್ರಶಸ್ತಿ!

ಪಂಡಿತ್ ಮತ್ತು ವಿಸೋ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇಬ್ಬರೂ ತಮಾಷೆ ಮಾಡಲು ಹೊರಟವರಲ್ಲ. ಇಬ್ಬರಿಗೂ ತಾವು ಮಾಡುತ್ತಿರುವುದು ದೊಡ್ಡ ಕೆಲಸ ಎಂಬ ನಂಬಿಕೆ ಇತ್ತು. ಕೈಯಲ್ಲಿದ್ದ ಕಸುಬಿಗಿಂತ ಆಸೆ ಹತ್ತು ಪಟ್ಟು ದೊಡ್ಡದಿತ್ತು. ಇದಕ್ಕಿಂತ ಮುಖ್ಯವಾಗಿ, ‘ಸಾರ್, ಇದು ಬೇಡ’ ಅನ್ನುವ ಒಬ್ಬ ಮನುಷ್ಯ ಸೆಟ್‌ನಲ್ಲಿ ಇರಲಿಲ್ಲ. ಇದ್ದರೂ ಅವನ ಮಾತು ನಡೆಯುತ್ತಿರಲಿಲ್ಲ. ಮಾಮೂಲಿ ಸಿನಿಮಾದಲ್ಲಿ ನಿರ್ಮಾಪಕ, ಛಾಯಾಗ್ರಾಹಕ, ಸಂಕಲನಕಾರ ಎಲ್ಲರೂ ಒಬ್ಬೊಬ್ಬರು ಒಂದೊಂದು ಹುಚ್ಚುತನವನ್ನು ಸೋಸಿ ತೆಗೆಯುತ್ತಾರೆ. ಇಲ್ಲಿ ಸೋಸುವವರೇ ಇಲ್ಲ. ಒಬ್ಬ ವ್ಯಕ್ತಿಯ ತಲೆಯಲ್ಲಿ ಏನಿದೆಯೋ ಅದು ಹಾಗೇ ತೆರೆಗೆ ಬರುತ್ತದೆ. ಮುಂದಿನ ದೃಶ್ಯದಲ್ಲಿ ಏನಾಗುತ್ತದೆ ಅಂತ ಊಹಿಸಲು ಸಾಧ್ಯವೇ ಇಲ್ಲ. ನೂರಾರು ಸಿನಿಮಾ ನೋಡಿದವರಿಗೆ ಈ ಅಚ್ಚರಿ ಬೇರೆಲ್ಲೂ ಸಿಗುವುದಿಲ್ಲ.

ನಮ್ಮ ತೋಪು ಸಿನಿಮಾಗಳ ಸಮಸ್ಯೆಯೂ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಅವು ಹುಚ್ಚಾಟಕ್ಕೆ ಇಳಿಯುವುದೇ ಇಲ್ಲ. ಹಿಂದಿನ ವರ್ಷ ಗೆದ್ದ ಸಿನಿಮಾದ ಗಡ್ಡ, ಅದೇ ಲಾಂಗು, ಅದೇ ಕತ್ತಲೆ ಬಣ್ಣ, ಅದೇ ಹಿನ್ನೆಲೆ ಸಂಗೀತದ ಡಬಡಬ. ಸಬ್ಸಿಡಿ ಆಸೆಗೆ ಸುತ್ತಿ ಮುಗಿಸಿದವು ಒಂದಷ್ಟು. ಮಗನನ್ನು ಹೀರೊ ಮಾಡಲು ಸೈಟು ಮಾರಿ ತೆಗೆದವು ಇನ್ನೊಂದಷ್ಟು. ಅಲ್ಲೂ ಆಸೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಹೀರೊ ಆಗುವ ಆಸೆ, ಹೇಳಲೇಬೇಕಾದ ಕತೆಯ ಆಸೆ ಅಲ್ಲ. ಎಲ್ಲರೂ ಹುಷಾರಾಗಿ ಸವೆದ ದಾರಿಯಲ್ಲೇ ನಡೆದಿರುತ್ತಾರೆ. ನೋಡುವವನಿಗೆ ಎಡವುವ ಮಜಾ ಕೂಡ ಸಿಗುವುದಿಲ್ಲ.

ಮಗನಿಗಾಗಿ ತೆಗೆದ ಸಿನಿಮಾ ಕೂಡ ಕೈತಪ್ಪಿದರೆ ಎಲ್ಲಿಗೆ ಹೋಗಬಹುದು ಅನ್ನುವುದಕ್ಕೆ ಹಿಂದಿಯ ‘ಜಾನಿ ದುಶ್ಮನ್: ಏಕ್ ಅನೋಖಿ ಕಹಾನಿ’ ನೋಡಬೇಕು. 2002ರಲ್ಲಿ ನಿರ್ದೇಶಕ ರಾಜ್‌ಕುಮಾರ್ ಕೊಹ್ಲಿ ತಮ್ಮ ಮಗ ಅರ್ಮಾನ್‌ಗಾಗಿ ತೆಗೆದ ಸಿನಿಮಾ. ಸನ್ನಿ ದೇವಲ್, ಅಕ್ಷಯ್ ಕುಮಾರ್, ಸುನೀಲ್ ಶೆಟ್ಟಿ ಎಲ್ಲರೂ ಇದ್ದಾರೆ. ಗಾಯಕ ಸೋನು ನಿಗಮ್ ಕೂಡ ಕಾಲೇಜು ಹುಡುಗನ ಪಾತ್ರ ಮಾಡಿದ್ದಾರೆ. ಇಚ್ಛಾಧಾರಿ ನಾಗರ ಹಾವಿನ ಸೇಡಿನ ಕತೆಗೆ ಹಾಲಿವುಡ್ ಗ್ರಾಫಿಕ್ಸ್ ಸೇರಿಸಿದ್ದಾರೆ. ನಮ್ಮ ಹಳೆಯ ಹಾವಿನ ಸಿನಿಮಾಗಳನ್ನು ನೋಡಿ ಬೆಳೆದವರಿಗೆ ಇದರಷ್ಟು ನಗು ತರಿಸುವ ಇನ್ನೊಂದು ಸಿಗಲಿಕ್ಕಿಲ್ಲ.

ಅಮೆರಿಕದ ಲೇಖಕಿ ಸೂಸನ್ ಸಾಂಟ್ಯಾಗ್ 1964ರ ತಮ್ಮ ಪ್ರಬಂಧವೊಂದರಲ್ಲಿ ಈ ವಿಷಯವನ್ನು ಸರಿಯಾಗಿ ಹಿಡಿದಿದ್ದರು. ಗಂಭೀರವಾಗಿ ಏನೋ ಮಾಡಲು ಹೋಗಿ ಸೋತ ಕೃತಿಯಲ್ಲಿ ಮಾತ್ರ ಈ ರುಚಿ ಇರುತ್ತದೆ, ಬೇಕಂತಲೇ ಹಾಗೆ ಮಾಡಿದ್ದು ಅಷ್ಟು ರುಚಿಸುವುದಿಲ್ಲ ಅನ್ನುವುದು ಅವರ ವಾದ. ಜೊತೆಗೆ ಇನ್ನೊಂದು ಮಾತೂ ಸೇರಿಸಿದ್ದರು. ಸೋತ ಗಾಂಭೀರ್ಯವೆಲ್ಲ ಹೀಗಾಗುವುದಿಲ್ಲ, ಅದರಲ್ಲಿ ಅತಿರೇಕ ಇರಬೇಕು, ಆವೇಶ ಇರಬೇಕು, ಮುಗ್ಧತೆ ಇರಬೇಕು. ಅರವತ್ತು ವರ್ಷದ ಮೇಲೂ ಇದಕ್ಕಿಂತ ಉತ್ತಮ ಅಳತೆಗೋಲು ನನಗೆ ಸಿಕ್ಕಿಲ್ಲ.

ಈ ಮಾತು ನಿಜವೋ ಅಂತ ನೋಡಲು ‘ಶಾರ್ಕ್‌ನೇಡೊ’ ಇದೆ. 2013ರಲ್ಲಿ ಅಮೆರಿಕದ ಸೈಫೈ ಚಾನೆಲ್‌ನಲ್ಲಿ ಬಂತು. ಸುಂಟರಗಾಳಿಯಲ್ಲಿ ಶಾರ್ಕ್ ಮೀನುಗಳು ಹಾರಿ ಬಂದು ಜನರನ್ನು ತಿನ್ನುವ ಕತೆ. ಟ್ವಿಟರ್‌ನಲ್ಲಿ ಆ ರಾತ್ರಿ ಅದರದ್ದೇ ಗಲಾಟೆ. 2018ರವರೆಗೆ ಒಟ್ಟು ಆರು ಭಾಗ ಬಂದವು. ಮೊದಲನೆಯದು ಪರವಾಗಿಲ್ಲ. ಆಮೇಲೆ ಮಾಡುವವರು ನಮ್ಮ ಕಡೆ ಕಣ್ಣು ಹೊಡೆಯುತ್ತಲೇ ಇರುತ್ತಾರೆ. ‘ನೋಡಿ, ನಾವು ಎಷ್ಟು ಕೆಟ್ಟದಾಗಿ ಮಾಡಿದ್ದೇವೆ’ ಅಂತ. ಮಾಡುವವನಿಗೇ ನಂಬಿಕೆ ಇಲ್ಲದ ಮೇಲೆ ನಮಗೆ ನಗಲು ಏನು ಉಳಿಯಿತು? ತೆಲುಗಿನ ಸಂಪೂರ್ಣೇಶ್ ಬಾಬು 2014ರ ‘ಹೃದಯ ಕಾಲೇಯಂ’ನಲ್ಲಿ ಮಾಡಿದ್ದು ಬೇರೆ. ಅದು ಮಾಸ್ ಸಿನಿಮಾದ ಬಿಲ್ಡಪ್ಪನ್ನೇ ಅಣಕಿಸುವ ಅಣಕು ಸಿನಿಮಾ. ಅಲ್ಲಿ ತಮಾಷೆ ಮಾಡುವವರು ಅವರೇ, ನಾವು ಅವರ ಜೊತೆ ನಗುತ್ತೇವೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದು ತಪ್ಪು.

ಬಿಲ್ಡಪ್ ಅಂದ ಕೂಡಲೇ ಇನ್ನೊಂದು ಗೊಂದಲ ಬಿಡಿಸಬೇಕು. 2003ರ ತೆಲುಗು ಸಿನಿಮಾ ‘ಪಲ್ನಾಟಿ ಬ್ರಹ್ಮನಾಯುಡು’ವಿನಲ್ಲಿ ಬಾಲಕೃಷ್ಣ ತೊಡೆ ತಟ್ಟಿದರೆ ರೈಲು ಹಿಂದಕ್ಕೆ ಹೋಗುತ್ತದೆ. ಈ ತುಣುಕು ದೇಶವೆಲ್ಲ ಸುತ್ತಿದೆ. 1985ರ ‘ದೊಂಗ’ದಲ್ಲಿ ಚಿರಂಜೀವಿ ಮೈಕೆಲ್ ಜಾಕ್ಸನ್ ಥರ ಕುಣಿದ ಹಾಡು ಯೂಟ್ಯೂಬ್‌ನ ಶುರುವಿನ ದಿನಗಳಲ್ಲೇ ವಿದೇಶಿಯರ ಕೈಗೆ ಸಿಕ್ಕಿ ‘ಇಂಡಿಯನ್ ಥ್ರಿಲ್ಲರ್’ ಅಂತ ಹಬ್ಬಿತು. ಇವುಗಳಿಗೆ ಕೆಟ್ಟ ಸಿನಿಮಾ ಅನ್ನುವ ಮುದ್ರೆ ಒತ್ತುವುದು ಸುಲಭ. ಆದರೆ ರೈಲು ಹಿಂದೆ ಹೋಗುವುದು ಅಸಾಧ್ಯ ಅಂತ ಗುಂಟೂರಿನ ಅಭಿಮಾನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಬಯಲಾಟದಲ್ಲಿ ಭೀಮ ಬಂದಾಗ ಅವನ ಗದೆ ರಟ್ಟಿನದು ಅಂತ ಯಾರಾದರೂ ಎದ್ದು ಹೋಗುತ್ತಾರಾ? ಅತಿಶಯವೇ ಅಲ್ಲಿನ ನಿಯಮ. ಒಂದು ನಿಮಿಷದ ತುಣುಕನ್ನು ಕತ್ತರಿಸಿ ಹೊರಗಿನವರಿಗೆ ತೋರಿಸಿದಾಗ ಮಾತ್ರ ಅದು ಪೆದ್ದುತನದಂತೆ ಕಾಣುತ್ತದೆ. ಹಾಗಾಗಿ ಯಾವುದಾದರೂ ಸಿನಿಮಾ ನೋಡಿ ನಕ್ಕಾಗ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಸಿನಿಮಾ ಎಡವಿತೋ, ಅಥವಾ ಅದರ ರೂಢಿ ನನಗೆ ಗೊತ್ತಿಲ್ಲವೋ?

ಈ ಪ್ರಶ್ನೆ ಜಾಸ್ತಿ ಚುಚ್ಚುವುದು ‘ಗುಂಡಾ’ ವಿಷಯದಲ್ಲಿ. 1998ರ ಈ ಹಿಂದಿ ಸಿನಿಮಾದ ನಿರ್ದೇಶಕ ಕಾಂತಿ ಶಾ, ಹೀರೊ ಮಿಥುನ್ ಚಕ್ರವರ್ತಿ. ಆ ದಶಕದಲ್ಲಿ ಮಿಥುನ್ ಊಟಿಯಲ್ಲಿ ನೆಲೆಸಿದ್ದರು. ನಿರ್ಮಾಪಕರು ಅಲ್ಲಿಗೇ ಹೋಗಿ ಅವರ ಹೋಟೆಲಿನಲ್ಲಿ ಇಳಿದುಕೊಂಡು ಬೇಗ ಬೇಗ ಕಡಿಮೆ ಖರ್ಚಿನಲ್ಲಿ ಸಿನಿಮಾ ಮುಗಿಸಿಕೊಂಡು ಹೋಗುತ್ತಿದ್ದರು. ಉತ್ತರದ ಸಣ್ಣ ಊರುಗಳ ಹಳೆಯ ಟಾಕೀಸುಗಳಲ್ಲಿ ಅವಕ್ಕೆ ಗಿರಾಕಿ ಇತ್ತು. ಕೂಲಿ, ಚಾಲಕ, ಗ್ಯಾರೇಜಿನ ಹುಡುಗರು ಅದನ್ನು ನಗುವುದಕ್ಕಾಗಿ ನೋಡಲಿಲ್ಲ. ತಮ್ಮಂಥ ಒಬ್ಬ ಕೂಲಿ ಪುಡಾರಿಗಳನ್ನು ಒಬ್ಬೊಬ್ಬರನ್ನಾಗಿ ಮುಗಿಸುವುದನ್ನು ನೋಡಲು ಹೋದರು.

ಕೆಲವು ವರ್ಷಗಳ ಮೇಲೆ ಅದೇ ಸಿನಿಮಾ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗೆ ಬಂತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಿದಾಡಿತು. ವಿಲನ್‌ಗಳೆಲ್ಲ ತಮ್ಮ ಪರಿಚಯವನ್ನು ಪ್ರಾಸಬದ್ಧವಾಗಿ ತಾವೇ ಹೇಳಿಕೊಳ್ಳುವ ಡೈಲಾಗುಗಳನ್ನು ಹುಡುಗರು ಬಾಯಿಪಾಠ ಮಾಡಿದರು. ಸಿನಿಮಾಗಳಿಗೆ ಅಂಕ ಕೊಡುವ ಐಎಂಡಿಬಿ ಜಾಲತಾಣದಲ್ಲಿ ಹೆಸರಾಂತ ಸಿನಿಮಾಗಳಿಗೂ ಸಿಗದಷ್ಟು ಅಂಕ ಕೊಟ್ಟರು. ಮೂರು ಸಲ ರಾಷ್ಟ್ರಪ್ರಶಸ್ತಿ ಪಡೆದ ನಟ ಮಿಥುನ್, 2024ರಲ್ಲಿ ಫಾಲ್ಕೆ ಪ್ರಶಸ್ತಿಗೂ ಆಯ್ಕೆಯಾದವರು, ಆ ಪೀಳಿಗೆಯ ಎಷ್ಟೋ ಹುಡುಗರಿಗೆ ಈ ಸಿನಿಮಾದಿಂದಲೇ ಪರಿಚಯ. ಇಂಗ್ಲಿಷ್ ಓದಿದ ನಗರದ ಹುಡುಗ ಬಡವನ ಸಿನಿಮಾ ನೋಡಿ ನಗುವುದರಲ್ಲಿ ವರ್ಗದ ಸೊಕ್ಕು ಇದ್ದೇ ಇದೆ. ಆದರೆ ಅದಷ್ಟೇ ಅಂದರೂ ಸರಿಯಲ್ಲ. ಐವತ್ತು ಸಲ ನೋಡಿ ಡೈಲಾಗ್ ಬಾಯಿಪಾಠ ಮಾಡಿದವನಿಗೆ ಅದರ ಮೇಲೆ ಪ್ರೀತಿ ಹುಟ್ಟಿರುತ್ತದೆ. ಮೊದಲು ಸೊಕ್ಕಿನಿಂದ ಶುರುವಾಗಿ ಆಮೇಲೆ ಅಕ್ಕರೆಗೆ ತಿರುಗುವ ನಗು ಅದು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ‘ಗುಂಡಾ’ದಲ್ಲಿ ಹೆಣ್ಣಿನ ಮೇಲಿನ ದೌರ್ಜನ್ಯದ ದೃಶ್ಯಗಳಿವೆ. ಅಭಿಮಾನಿಗಳು ಡೈಲಾಗ್ ಹೇಳುವಾಗ ಈ ಭಾಗವನ್ನು ನುಂಗಿಕೊಳ್ಳುತ್ತಾರೆ. ಅಲ್ಲಿ ನಗು ಬರುವುದಿಲ್ಲ, ಬರಲೂಬಾರದು.

ಇನ್ನು ನೋಡುವ ರೀತಿ. ಕೆಟ್ಟ ಸಿನಿಮಾವನ್ನು ಒಬ್ಬರೇ ನೋಡುವುದು ಕಷ್ಟ. ಪಕ್ಕದಲ್ಲಿ ಕಾಮೆಂಟ್ ಹೊಡೆಯುವವರು ಬೇಕು. ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಸ್ಥಳೀಯ ಟಿವಿ ಚಾನೆಲ್ 1988ರಲ್ಲಿ ಇದನ್ನೇ ಕಾರ್ಯಕ್ರಮ ಮಾಡಿತು. ಹೆಸರು ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’. ಒಬ್ಬ ಮನುಷ್ಯ ಮತ್ತು ಎರಡು ರೋಬೊ ಗೊಂಬೆಗಳು ಮುಂದಿನ ಸೀಟಿನಲ್ಲಿ ಕೂತು ಹಳೆಯ ಡಬ್ಬಾ ಸಿನಿಮಾ ನೋಡುತ್ತಾ ಮಾತಾಡುತ್ತಿರುತ್ತಾರೆ. ತೆರೆಯ ಕೆಳಗೆ ಅವರ ನೆರಳು ಕಾಣುತ್ತದೆ. 1966ರ ‘ಮ್ಯಾನೋಸ್’ ಎಂಬ ಸಿನಿಮಾಕ್ಕೆ ಮರುಜನ್ಮ ಸಿಕ್ಕಿದ್ದು ಹೀಗೆ. ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಗೊಬ್ಬರ ಮಾರುತ್ತಿದ್ದ ಹೆರಾಲ್ಡ್ ವಾರೆನ್ ಎಂಬವರು ಬಾಜಿ ಕಟ್ಟಿ ತೆಗೆದ ಸಿನಿಮಾ ಅದು. ಕೀಲಿ ಕೊಡುವ ಕ್ಯಾಮೆರಾದಲ್ಲಿ ಒಂದು ಸಲಕ್ಕೆ 32 ಸೆಕೆಂಡ್ ಮಾತ್ರ ಚಿತ್ರೀಕರಿಸಬಹುದಿತ್ತು. ಎಲ್ಲ ಪಾತ್ರಗಳ ದನಿಯನ್ನೂ ಆಮೇಲೆ ಬೆರಳೆಣಿಕೆಯ ಜನ ಡಬ್ ಮಾಡಿದರು.

ನಮ್ಮಲ್ಲಿ ಇದಕ್ಕೆ ಗೊಂಬೆ ಬೇಕಿರಲಿಲ್ಲ. ಗಾಂಧಿ ಕ್ಲಾಸಿನಲ್ಲಿ ಕೂತವರು ಪುಕ್ಕಟೆ ಮಾಡುತ್ತಿದ್ದರು. ಸಿಂಗಲ್ ಸ್ಕ್ರೀನ್‌ಗಳು ಒಂದೊಂದಾಗಿ ಮುಚ್ಚಿದವು. ಮಲ್ಟಿಪ್ಲೆಕ್ಸಿನಲ್ಲಿ ಸ್ವಲ್ಪ ಜೋರಾಗಿ ಮಾತಾಡಿದರೆ ಪಕ್ಕದವರು ದುರುಗುಟ್ಟಿ ನೋಡುತ್ತಾರೆ. ಆ ಕಾಮೆಂಟುಗಳೆಲ್ಲ ಈಗ ಟ್ರೋಲ್ ಪೇಜುಗಳಿಗೆ, ರೀಲ್ಸ್‌ಗೆ ವಲಸೆ ಹೋಗಿವೆ. ವ್ಯತ್ಯಾಸ ಏನು ಅಂದರೆ ಥಿಯೇಟರಿನ ಗೇಲಿ ಶೋ ಮುಗಿದ ಮೇಲೆ ಮುಗಿಯುತ್ತಿತ್ತು. ಟಿಕೆಟಿನ ದುಡ್ಡು ಸಿನಿಮಾ ಮಾಡಿದವನ ಕೈಗೆ ಹೋಗುತ್ತಿತ್ತು. ಈಗ ಮೂವತ್ತು ಸೆಕೆಂಡಿನ ತುಣುಕು ಮಾತ್ರ ಓಡಾಡುತ್ತದೆ, ಲಾಭ ಟ್ರೋಲ್ ಮಾಡಿದವನಿಗೆ. ಸಿನಿಮಾವನ್ನು ಪೂರ್ತಿ ನೋಡಿದವರು ಬಹಳ ಕಡಿಮೆ.

ನಗು ಹೀಗೆ ಸಿನಿಮಾದಿಂದ ಕಳಚಿಕೊಂಡು ಮನುಷ್ಯನ ಮೇಲೆ ಬಿದ್ದಾಗ ತೊಂದರೆ ಶುರು. ಅಮೆರಿಕದಲ್ಲಿ ವರ್ಷದ ಕೆಟ್ಟ ಸಿನಿಮಾಗಳಿಗೆ ರ‍್ಯಾಜಿ ಪ್ರಶಸ್ತಿ ಕೊಡುತ್ತಾರೆ, 1981ರಿಂದ ನಡೆದಿದೆ. 2023ರಲ್ಲಿ ಅವರು 12 ವರ್ಷದ ಹುಡುಗಿಯನ್ನು ಕೆಟ್ಟ ನಟಿ ಪ್ರಶಸ್ತಿಗೆ ನಾಮನಿರ್ದೇಶನ ಮಾಡಿದರು. ಎಲ್ಲ ಕಡೆಯಿಂದ ಬೈಗುಳ ಬಿದ್ದ ಮೇಲೆ ಹೆಸರು ತೆಗೆದು ಕ್ಷಮೆ ಕೇಳಿದರು. ಕನ್ನಡದಲ್ಲೂ ಒಬ್ಬ ನಟ-ನಿರ್ದೇಶಕರು ಇದ್ದಾರೆ. ತಮ್ಮ ಸಿನಿಮಾ ನೋಡಲು ಜನ ಬರಲಿಲ್ಲ ಅಂತ ಕ್ಯಾಮೆರಾ ಮುಂದೆ ಕೂಗಾಡಿದ ಅವರ ವಿಡಿಯೊ ಇಡೀ ರಾಜ್ಯವನ್ನು ನಗಿಸಿತು. ಹೆಸರು ಬೇಡ, ನಿಮಗೆ ಗೊತ್ತು. ನಕ್ಕವರಲ್ಲಿ ಎಷ್ಟು ಜನ ಆ ಸಿನಿಮಾ ನೋಡಿದ್ದರು? ಚಾನೆಲ್‌ಗಳು ಅವರನ್ನು ಕರೆದು ಮತ್ತೆ ಮತ್ತೆ ಕೆಣಕಿದವು. ಅವರು ಸಿಟ್ಟಾದಷ್ಟೂ ಟಿಆರ್‌ಪಿ. ಅದನ್ನು ಸಿನಿಮಾ ಪ್ರೀತಿ ಅನ್ನಲು ನನ್ನಿಂದಾಗದು.

ಎಡ್ ವುಡ್ ಕತೆ ಇನ್ನೂ ಬೇಜಾರಿನದು. ಐವತ್ತರ ದಶಕದಲ್ಲಿ ‘ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್’ ತೆಗೆದವರು. ನಟ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡರು. ಅವರದು ಕೆಲವೇ ನಿಮಿಷದ ಚಿತ್ರೀಕರಣ ಇತ್ತು. ವುಡ್ ಅದನ್ನೇ ಇಟ್ಟುಕೊಂಡು ಸಿನಿಮಾ ಮಾಡಿದರು. ಉಳಿದ ದೃಶ್ಯಗಳಿಗೆ ತಮ್ಮ ಹೆಂಡತಿಯ ಬೆನ್ನುಮೂಳೆ ವೈದ್ಯನನ್ನು ಕರೆತಂದು, ಮುಖಕ್ಕೆ ನಿಲುವಂಗಿ ಅಡ್ಡ ಹಿಡಿಸಿ ನಡೆಸಿದರು. ಲುಗೋಸಿಗಿಂತ ಆತ ಎತ್ತರ ಬೇರೆ. ಒಂದೇ ದೃಶ್ಯದಲ್ಲಿ ಹಗಲು, ರಾತ್ರಿ ಎರಡೂ ಆಗುತ್ತವೆ. ವುಡ್ 1978ರಲ್ಲಿ ಕೈಯಲ್ಲಿ ಕಾಸಿಲ್ಲದೆ ಸತ್ತರು. ಅದಕ್ಕೆ ಸ್ವಲ್ಪ ಮುಂಚೆ ಬಾಡಿಗೆ ಮನೆಯಿಂದಲೂ ಹೊರಹಾಕಿದ್ದರು. ಎರಡು ವರ್ಷದ ಮೇಲೆ, 1980ರಲ್ಲಿ, ಒಂದು ಪುಸ್ತಕ ಈ ಸಿನಿಮಾವನ್ನು ಸಾರ್ವಕಾಲಿಕ ಕೆಟ್ಟ ಸಿನಿಮಾ ಅಂತ ಘೋಷಿಸಿತು. ಅಲ್ಲಿಂದ ಹೆಸರು ಬಂತು. 1994ರಲ್ಲಿ ನಿರ್ದೇಶಕ ಟಿಮ್ ಬರ್ಟನ್, ವುಡ್ ಬದುಕನ್ನೇ ಸಿನಿಮಾ ಮಾಡಿದರು. ಲುಗೋಸಿ ಪಾತ್ರ ಮಾಡಿದ ಮಾರ್ಟಿನ್ ಲ್ಯಾಂಡೌಗೆ ಆಸ್ಕರ್ ಬಂತು. ವಿಸೋ ಇದ್ದುದರಲ್ಲಿ ಜಾಣರು. ಜನ ನಗುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ‘ಇದು ಬೇಕಂತಲೇ ಮಾಡಿದ ಹಾಸ್ಯ’ ಅನ್ನತೊಡಗಿದರು. ಊರೂರು ತಿರುಗಿ ಪ್ರದರ್ಶನಗಳಲ್ಲಿ ಕೈಕುಲುಕಿದರು. ಅವರ ಮಾತು ಯಾರೂ ನಂಬಲಿಲ್ಲ, ಆದರೂ ಚಪ್ಪಾಳೆ ತಟ್ಟಿದರು.

ಇಂಥ ಸಿನಿಮಾ ನೋಡುವವರು ಅಭಿರುಚಿ ಇಲ್ಲದವರು ಅನ್ನುವ ಅನುಮಾನ ಕೆಲವರಿಗಿದೆ. ಜರ್ಮನಿಯ ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಇಬ್ಬರು ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಉಲ್ಟಾ ಹೇಳಿತು. ಈ ಚಟ ಇರುವವರು ಸರಾಸರಿಗಿಂತ ಜಾಸ್ತಿ ಓದಿದವರು, ಕಲಾತ್ಮಕ ಸಿನಿಮಾಗಳನ್ನೂ ಅಷ್ಟೇ ಆಸೆಯಿಂದ ನೋಡುವವರು ಅಂತ ಕಂಡುಬಂತು. ಆಶ್ಚರ್ಯ ಇಲ್ಲ ಬಿಡಿ. ಸಂಕಲನ ಎಲ್ಲಿ ತಪ್ಪಿತು, ಬೆಳಕು ಎಲ್ಲಿ ಕೆಟ್ಟಿತು ಅಂತ ಗುರುತಿಸಲು ಸರಿಯಾದದ್ದು ಹೇಗಿರುತ್ತದೆ ಅಂತ ಗೊತ್ತಿರಬೇಕಲ್ವಾ?

ಮುಂದೇನು? 2025ರಲ್ಲಿ ‘ಲವ್ ಯೂ’ ಎಂಬ ಕನ್ನಡ ಸಿನಿಮಾ ಪೂರ್ತಿ ಎಐನಿಂದಲೇ ಮಾಡಿದ್ದು ಎಂಬ ಪ್ರಚಾರದೊಂದಿಗೆ ಸುದ್ದಿಯಾಯಿತು. ಖರ್ಚು ಸುಮಾರು 10 ಲಕ್ಷ ಅಂತ ತಂಡ ಹೇಳಿಕೊಂಡಿತ್ತು. ಆ ಸಿನಿಮಾ ಹೇಗಿದೆ ಅನ್ನುವುದು ಇಲ್ಲಿ ವಿಷಯ ಅಲ್ಲ. ಇನ್ನು ಮೇಲೆ ಯಾರು ಬೇಕಾದರೂ ಮನೆಯಲ್ಲಿ ಕೂತು ಎರಡು ಗಂಟೆಯ ಸಿನಿಮಾ ಮಾಡಬಹುದು. ತಪ್ಪುಗಳು ಧಾರಾಳವಾಗಿ ಬರುತ್ತವೆ. ಆದರೆ ಎಐ ಕೊಟ್ಟ ಆರು ಬೆರಳಿನ ಕೈ ನೋಡಿ ಒಂದು ಸಲ ನಗು ಬರುತ್ತದೆ, ಎರಡನೇ ಸಲಕ್ಕೆ ಬೇಸರ. ಆ ಬೆರಳಿನ ಹಿಂದೆ ಯಾರ ಹಟವೂ ಇಲ್ಲ. ಚಮಚದ ಫೋಟೊ ಹಾಗಲ್ಲ. ಯಾರೋ ಒಬ್ಬರು ಅದನ್ನು ತಂದು ಮೇಜಿನ ಮೇಲಿಟ್ಟರು, ಇನ್ನೊಬ್ಬರು ಇರಲಿ ಬಿಡು ಅಂದರು. ಯಂತ್ರದ ಕೆಟ್ಟ ಸಿನಿಮಾಗಳು ನಮ್ಮ ಇನ್ನೂರು ತೋಪುಗಳ ಸಾಲಿಗೇ ಸೇರುತ್ತವೆ ಅಂತ ನನ್ನ ಅಂದಾಜು. ಆ ಯಂತ್ರ ಹಿಡಿದವನ ಹುಚ್ಚು ಯಂತ್ರಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಮಾತು ಬೇರೆ.

ಹೊಸದಾಗಿ ನೋಡುವವರು ‘ಪ್ಲ್ಯಾನ್ 9’ರಿಂದ ಶುರು ಮಾಡಬಹುದು. 79 ನಿಮಿಷದಲ್ಲಿ ಮುಗಿಯುತ್ತದೆ, ಮನೆಮಂದಿಯ ಜೊತೆಗೂ ನೋಡಬಹುದು. ‘ದಿ ರೂಮ್’ಗೆ ಗೆಳೆಯರನ್ನು ಕರೆಯಿರಿ, ಮಕ್ಕಳನ್ನು ಮಲಗಿಸಿ. ‘ಮ್ಯಾನೋಸ್’ ನೋಡುವುದಾದರೆ ಆ ಗೊಂಬೆಗಳ ಕಾಮೆಂಟ್ ಇರುವುದನ್ನೇ ಹುಡುಕಿ. ಬರೀ ಸಿನಿಮಾ ಹಾಕಿಕೊಂಡರೆ ಶುರುವಿನಲ್ಲೇ ಕಾರೊಂದು ಸುಮ್ನೆ ಹೋಗುತ್ತಲೇ ಇರುತ್ತದೆ. ಹೆಸರುಗಳನ್ನು ತೋರಿಸಲು ತೆಗೆದ ದೃಶ್ಯಗಳಂತೆ ಅವು. ಹೆಸರು ಹಾಕುವುದನ್ನೇ ಮರೆತಿದ್ದಾರೆ.